ಐಸ್ ಹಾಕಿ ಗೋಲ್‌ಕೀಪರ್: ಮೈಕಟ್ಟಿಗೆ ಮಿತಿಯಿಲ್ಲ, ಸಲಕರಣೆಗೆ ಮಿತಿಯಿದೆ

ಬೆಳಗಾವಿಯ ರಿಂಕ್‌ಗಳಲ್ಲಿ ಚಕ್ರದ ಸ್ಕೇಟ್ ಕಟ್ಟಿಕೊಂಡು ಬೆಳೆದ ಮಕ್ಕಳಲ್ಲಿ ಕೆಲವರು ಒಂದೇ ಸಾಲಿನ ಚಕ್ರಗಳಿರುವ ಸ್ಕೇಟಿನ ಮೇಲೆ ಆಡುವ ಇನ್‌ಲೈನ್ ಹಾಕಿಯನ್ನು ದಾಟಿ ಐಸ್ ಹಾಕಿಯ ಕಡೆಗೆ ಮನಸ್ಸು ಮಾಡುತ್ತಿದ್ದಾರೆ. ಅವರಲ್ಲಿ ಗೋಲು ಕಾಯುವ ಹಂಬಲವಿರುವ ಮಕ್ಕಳ ಪಾಲಕರು ಬೆಳಗಾವಿಯಿಂದಲೂ ಬಾಗಲಕೋಟೆ, ವಿಜಯಪುರಗಳಿಂದಲೂ ಬರೆದು ಕೇಳುವ ಪ್ರಶ್ನೆಗಳು ಬಹುತೇಕ ಎರಡೇ. ಗೋಲ್‌ಕೀಪರ್ ಆಗಲು ಇಷ್ಟೇ ಎತ್ತರ, ಇಷ್ಟೇ ತೂಕ ಎಂಬ ನಿಯಮವಿದೆಯೇ? ಕಾಲಿನ ಪ್ಯಾಡು, ಕೈಗವಸುಗಳನ್ನು ಎಷ್ಟು ದೊಡ್ಡದಾಗಿ ಕೊಳ್ಳಬಹುದು? ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಇಡೀ ವಿಷಯವನ್ನು ಒಂದೇ ಕಡೆ, ಕೊಳ್ಳುವ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ. ನಮ್ಮ ಮೂರು ಜಿಲ್ಲೆಗಳಲ್ಲಿ ಈ ಸಲಕರಣೆಯನ್ನು ತೊಟ್ಟು ನೋಡಿ ಕೊಳ್ಳುವ ಅನುಕೂಲವಿಲ್ಲ. ದೂರದಿಂದ ತರಿಸಿದ ವಸ್ತು ಅಳತೆಗೆ ಸರಿಯಾಗದಿದ್ದರೆ ಹಣವೂ ಹೋಗುತ್ತದೆ, ಆ ಋತುವೂ ಹೋಗುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ಪೂರ್ತಿ ಓದಬೇಕೆಂದು ವಿನಂತಿ.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಗೋಲ್‌ಕೀಪರ್‌ನ ಎತ್ತರಕ್ಕಾಗಲಿ ತೂಕಕ್ಕಾಗಲಿ ಯಾವ ಮಿತಿಯೂ ಇಲ್ಲ. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ 5 ಅಡಿ 3 ಇಂಚು ಎತ್ತರದ ರಾಯ್ ವರ್ಟರ್ಸ್ 1929ರಲ್ಲಿ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನು ಪಡೆದರು. ಅದೇ ಲೀಗ್‌ನಲ್ಲಿ ನಮ್ಮ ಕಾಲದ ಬೆನ್ ಬಿಷಪ್ 6 ಅಡಿ 7 ಇಂಚು ಎತ್ತರವಿದ್ದರು. ಭಾರೀ ಮೈಯವರೊಬ್ಬರನ್ನು ತಂದು ನಿಲ್ಲಿಸಿದರೆ ಗೋಲೇ ಮುಚ್ಚಿಹೋಗುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಗೋಲು 6 ಅಡಿ ಅಗಲ, 4 ಅಡಿ ಎತ್ತರವಿದೆ, ಅಂದರೆ 24 ಚದರ ಅಡಿ. ಆಟದಲ್ಲಿ ಚೆಂಡಿನ ಬದಲು ಬಳಸುವ ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆಗೆ 3 ಇಂಚು ವ್ಯಾಸ, 1 ಇಂಚು ದಪ್ಪ. ಕಂಕುಳ ಪಕ್ಕ, ಎರಡು ಕಾಲುಗಳ ನಡುವೆ, ಭುಜದ ಮೇಲೆ ಅದು ನುಸುಳುವಷ್ಟು ಸಂದು ಎಂಥ ಮೈಯಲ್ಲಿಯೂ ಉಳಿಯುತ್ತದೆ. ಆ ಸಂದುಗಳನ್ನು ಮುಚ್ಚುವುದು ಚಲನೆ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಕ್ಷಣಮಾತ್ರದಲ್ಲಿ ಸರಿಯಲಾಗದವರಿಗೆ ಮೈಗಾತ್ರದಿಂದ ಹೆಚ್ಚಿನ ಪ್ರಯೋಜನವಿಲ್ಲ. ಮಗು ಕುಳ್ಳಗಿದೆ ಎಂಬ ಕಾರಣಕ್ಕೆ ಗೋಲಿನಿಂದ ದೂರವಿಡಬೇಡಿ.

ಮಿತಿ ಇರುವುದೆಲ್ಲ ಮೈಮೇಲೆ ತೊಡುವ ವಸ್ತುಗಳಿಗೆ. ನಿಯಮಗಳ ಹಿಂದಿರುವ ವಿಚಾರ ಒಂದೇ: ಸಲಕರಣೆ ಆಟಗಾರನ ದೇಹವನ್ನು ಕಾಯಬೇಕು, ಗೋಲಿಗೆ ಬಾಗಿಲಾಗಬಾರದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಬರುವ ಪ್ರತಿಯೊಂದು ಅಂಕಿಯೂ ಸುಲಭವಾಗಿ ಅರ್ಥವಾಗುತ್ತದೆ.

1. ಯಾವ ನಿಯಮಪುಸ್ತಕ ಅನ್ವಯವಾಗುತ್ತದೆ ಎಂಬುದನ್ನು ಮೊದಲು ತಿಳಿಯಿರಿ

ಅಂತರ್ಜಾಲದಲ್ಲಿ ಹುಡುಕಿದಾಗ ಹೆಚ್ಚಾಗಿ ಕಣ್ಣಿಗೆ ಬೀಳುವುದು ಎನ್‌ಎಚ್‌ಎಲ್‌ನ ಅಂಕಿಗಳು. ಆದರೆ ಭಾರತದ ಐಸ್ ಹಾಕಿ ಸಂಸ್ಥೆ 1989ರಿಂದ ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ, ಅಂದರೆ ಐಐಎಚ್‌ಎಫ್‌ನ ಸದಸ್ಯ ಸಂಸ್ಥೆ. ಲೇಹ್‌ನಲ್ಲಿಯೋ ಬೇರೆಲ್ಲಿಯೋ ನಿಮ್ಮ ಮಗು ರಾಷ್ಟ್ರಮಟ್ಟದಲ್ಲಿ ಆಡುವ ಆಸೆಯಿಟ್ಟುಕೊಂಡಿದ್ದರೆ ಐಐಎಚ್‌ಎಫ್ ಪುಸ್ತಕವನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಕಾಲಿನ ಪ್ಯಾಡಿನ ಅಗಲ, ಕೈಗವಸುಗಳ ಗಾತ್ರ ಮೊದಲಾದ ಮುಖ್ಯ ಅಳತೆಗಳಲ್ಲಿ ಎರಡೂ ಪುಸ್ತಕಗಳು ಒಂದೇ ಮಾತು ಹೇಳುತ್ತವೆ. ವ್ಯತ್ಯಾಸ ಬರುವುದು ಮುಖ್ಯವಾಗಿ ಸುರಕ್ಷತೆಯ ವಿಷಯದಲ್ಲಿ, ಅದರಲ್ಲೂ ಕುತ್ತಿಗೆಯ ರಕ್ಷಣೆಯಲ್ಲಿ. ಟೂರ್ನಿಗೆ ಹೆಸರು ಕೊಡುವಾಗಲೇ ಯಾವ ವರ್ಷದ ನಿಯಮಪುಸ್ತಕ ಜಾರಿಯಲ್ಲಿದೆ ಎಂದು ಸಂಘಟಕರನ್ನು ಬರಹದಲ್ಲಿಯೇ ಕೇಳಿ, ಬಂದ ಉತ್ತರವನ್ನು ಇಟ್ಟುಕೊಳ್ಳಿ.

ನಮ್ಮ ಭಾಗದವರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಹೇಳಬೇಕು. ಬೆಳಗಾವಿಗೆ ಮೈದಾನದ ಹಾಕಿಯ ಹಳೆಯ ನಂಟಿದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಬಂಡು ಪಾಟೀಲರು ಈ ಊರಿನವರೇ. ಹೀಗಾಗಿ ಮನೆಯಲ್ಲಿಯೋ ಪರಿಚಯದ ಕ್ಲಬ್ಬಿನಲ್ಲಿಯೋ ಹಾಕಿ ಗೋಲ್‌ಕೀಪರ್‌ನ ಹಳೆಯ ಪ್ಯಾಡುಗಳು ಸಿಗುವುದು ಸಹಜ, ಅವನ್ನೇ ಐಸ್ ಹಾಕಿಗೆ ಹೊಂದಿಸಬಹುದು ಎಂದು ಅನಿಸುವುದೂ ಸಹಜ. ಹೊಂದಿಸಲಾಗುವುದಿಲ್ಲ. ಮೈದಾನದ ಹಾಕಿಯಲ್ಲಿ ಕಾಲಿನ ಪ್ಯಾಡು ತೊಟ್ಟಾಗ 300 ಮಿಲಿಮೀಟರ್ ಅಗಲದವರೆಗೆ ಇರಬಹುದು. ಐಸ್ ಹಾಕಿಯಲ್ಲಿ ಮಿತಿ 28 ಸೆಂಟಿಮೀಟರ್, ಅಂದರೆ 280 ಮಿಲಿಮೀಟರ್. ಅಲ್ಲಿ ನಿಯಮಬದ್ಧವಾದ ಪ್ಯಾಡು ಇಲ್ಲಿ ಅಕ್ರಮವಾಗುತ್ತದೆ. ಅದಲ್ಲದೆ ಆ ಪ್ಯಾಡು ಬೂಟಿನ ಮೇಲೆ ಕೂರುವಂತೆ ಮಾಡಿದ್ದು, ಬ್ಲೇಡಿರುವ ಸ್ಕೇಟಿನ ಮೇಲೆ ಅದು ನಿಲ್ಲುವುದಿಲ್ಲ. ನಾಲ್ಕು ಚಕ್ರದ ಸ್ಕೇಟಿನ ಮೇಲೆ ಚೆಂಡಿನಿಂದ ಆಡುವ ರೋಲರ್ ಹಾಕಿಯ ಸಲಕರಣೆಯೂ ಬೇರೆಯೇ. ಅದರ ಗೋಲೇ 170 ಸೆಂಟಿಮೀಟರ್ ಅಗಲ, 105 ಸೆಂಟಿಮೀಟರ್ ಎತ್ತರದ ಚಿಕ್ಕ ಗೋಲು. ಐಸ್ ಹಾಕಿಯ ಸಲಕರಣೆಗೆ ಹತ್ತಿರವಾದದ್ದು ಇನ್‌ಲೈನ್ ಹಾಕಿಯದು ಮಾತ್ರ.

2. ದೇಹವನ್ನು ಅಳೆಯಿರಿ, ವಯಸ್ಸನ್ನು ನಂಬಬೇಡಿ

ಸಿಂಪಿಗರು ಬಳಸುವ ಬಟ್ಟೆಯ ಅಳತೆಪಟ್ಟಿ, ಒಂದು ಪೆನ್ನು, ಒಂದು ವಹಿ ಸಾಕು. ಮಗುವನ್ನು ಕುರ್ಚಿಯ ಮೇಲೆ ಮೊಣಕಾಲು ನೇರ ಕೋನದಲ್ಲಿ ಮಡಿಚಿ ಕೂರಿಸಿ. ಮೊಣಕಾಲ ಚಿಪ್ಪಿನ ನಡುಭಾಗದಲ್ಲಿ ಪೆನ್ನಿನಿಂದ ಸಣ್ಣ ಚುಕ್ಕೆ ಇಡಿ. ಈಗ ಪಾದದ ಗಿಣ್ಣಿನ ನಡುವಿನಿಂದ ಆ ಚುಕ್ಕೆಯವರೆಗಿನ ಅಳತೆಯನ್ನೂ, ಚುಕ್ಕೆಯಿಂದ ಸೊಂಟದ ಮೂಳೆಯವರೆಗಿನ ಅಳತೆಯನ್ನೂ ಬೇರೆ ಬೇರೆ ಬರೆದುಕೊಳ್ಳಿ. ಇವೆರಡೂ ಎಲ್ಲಕ್ಕಿಂತ ಮುಖ್ಯ. ಬಳಿಕ ಎದೆಯ ಸುತ್ತಳತೆ, ಸೊಂಟದ ಸುತ್ತಳತೆ, ಅಂಗೈಯ ಬುಡದಿಂದ ನಡುಬೆರಳಿನ ತುದಿಯವರೆಗಿನ ಉದ್ದ, ಹುಬ್ಬಿನ ಮೇಲೆ ತಲೆಯ ಸುತ್ತಳತೆ, ಇವನ್ನೂ ಬರೆಯಿರಿ. ಎರಡೂ ಕಾಲುಗಳನ್ನು ಅಳೆದು, ವ್ಯತ್ಯಾಸವಿದ್ದರೆ ಉದ್ದದ್ದನ್ನು ಹಿಡಿಯಿರಿ. ಮಾರಾಟಗಾರರ ಪಟ್ಟಿ ಇಂಚಿನಲ್ಲಿರುತ್ತದೆ, ನಿಯಮಪುಸ್ತಕ ಸೆಂಟಿಮೀಟರಿನಲ್ಲಿಯೂ ಇರುತ್ತದೆ. ಎರಡರಲ್ಲಿಯೂ ಬರೆದಿಟ್ಟರೆ ಗೊಂದಲವಾಗದು.

‘ಮಗನಿಗೆ ಹನ್ನೆರಡು ವರ್ಷ, ಯಾವ ಸೈಜು?’ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಹನ್ನೆರಡು ವರ್ಷದ ಇಬ್ಬರು ಮಕ್ಕಳ ಮೊಣಕಾಲಿನ ಎತ್ತರದಲ್ಲಿ ಮೂರು ಇಂಚಿನ ವ್ಯತ್ಯಾಸ ಕಂಡಿದ್ದೇನೆ.

3. ಕಾಲಿನ ಪ್ಯಾಡು: ಅಗಲದ ಮಿತಿ ಒಂದು, ಉದ್ದದ ಮಿತಿ ಇನ್ನೊಂದು

ಇಡೀ ಸಲಕರಣೆಯಲ್ಲಿ ಹೆಚ್ಚು ದುಬಾರಿಯೂ ಹೆಚ್ಚು ವಿವಾದಕ್ಕೆ ಗುರಿಯಾದದ್ದೂ ಇದೇ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ಅಗಲದ ನಿಯಮ ಎಲ್ಲರಿಗೂ ಒಂದೇ. ಪ್ಯಾಡನ್ನು ಕಾಲಿಗೆ ಕಟ್ಟಿದ ಸ್ಥಿತಿಯಲ್ಲಿ ಅದರ ಅಗಲ ಎಲ್ಲಿಯೂ 11 ಇಂಚು, ಅಂದರೆ 28 ಸೆಂಟಿಮೀಟರ್ ಮೀರಬಾರದು. ಈ ಅಂಕಿ ಇಲ್ಲಿಗೆ ಬಂದು ನಿಲ್ಲುವ ಮೊದಲು ಸಾಕಷ್ಟು ಹೊಯ್ದಾಡಿದೆ. ಎನ್‌ಎಚ್‌ಎಲ್ 1927–28ರ ಋತುವಿನಲ್ಲಿ ಅಗಲವನ್ನು 12ರಿಂದ 10 ಇಂಚಿಗೆ ಇಳಿಸಿತು, 1989ರಲ್ಲಿ ಮತ್ತೆ 12ಕ್ಕೆ ಏರಿಸಿತು. 1990ರ ದಶಕದಲ್ಲಿ ಸಲಕರಣೆಗಳು ಉಬ್ಬುತ್ತ ಹೋದಂತೆ ಗೋಲುಗಳ ಸಂಖ್ಯೆ ಕುಸಿಯಿತು. ಆಡಳಿತ ಮತ್ತು ಆಟಗಾರರ ನಡುವಿನ ಬಿಕ್ಕಟ್ಟಿನಿಂದ 2004–05ರ ಋತುವೇ ರದ್ದಾಗಿ, ಮರುವರ್ಷ ಆಟ ಮತ್ತೆ ಶುರುವಾದಾಗ ಅಗಲವನ್ನು 11 ಇಂಚಿಗೆ ಕಡಿತಗೊಳಿಸಿದರು. ಈ ಇತಿಹಾಸವನ್ನು ಸುಮ್ಮನೆ ಹೇಳುತ್ತಿಲ್ಲ, ಇದರಿಂದ ನಿಮ್ಮ ಕಿಸೆಗೆ ನೇರ ಸಂಬಂಧವಿದೆ. ಹಳೆಯ ಸಲಕರಣೆ ಮಾರುವ ಜಾಲತಾಣಗಳಲ್ಲಿ ಬಲು ಅಗ್ಗಕ್ಕೆ ಕಾಣುವ ಪ್ಯಾಡುಗಳಲ್ಲಿ 2005ಕ್ಕಿಂತ ಹಿಂದಿನ 12 ಇಂಚಿನವೂ ಇರುತ್ತವೆ. ನೋಡಲು ಗಟ್ಟಿಮುಟ್ಟಾಗಿರುತ್ತವೆ, ಬೆಲೆಯೂ ಸೆಳೆಯುತ್ತದೆ, ಆದರೆ ಪಂದ್ಯಕ್ಕೆ ಬಾರವು. ಮಾರುವವರಿಂದ ಅಳತೆಪಟ್ಟಿಯನ್ನು ಅಡ್ಡ ಹಿಡಿದ ಚಿತ್ರ ತರಿಸಿಕೊಳ್ಳದೆ ಹಣ ಕಳಿಸಬೇಡಿ.

ಇನ್ನೊಂದು ಸೂಕ್ಷ್ಮವಿದೆ. 11 ಇಂಚಿನದೆಂದೇ ತಯಾರಾದ ಪ್ಯಾಡು ಕೂಡ ಬಳಸಿ ಬಳಸಿ ಒಳಗಿನ ಫೋಮ್ ಚಪ್ಪಟೆಯಾದಾಗ ಅಂಚುಗಳಲ್ಲಿ ಹರಡಿಕೊಂಡು ಮಿತಿಯನ್ನು ಮೀರಬಹುದು. ಅಳೆಯುವಾಗ ಅಂಚನ್ನು ಕೈಯಿಂದ ಅಮುಕಿ ಸಣ್ಣದು ಮಾಡಿದರೆ ಅದು ಅಳತೆಯಲ್ಲ. ಎರಡು ಮರದ ಹಲಗೆಗಳನ್ನು ಸರಿಯಾಗಿ 28 ಸೆಂಟಿಮೀಟರ್ ಅಂತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ. ಕಟ್ಟಿದ ಪ್ಯಾಡು ಅವುಗಳ ನಡುವೆ ಒತ್ತಡವಿಲ್ಲದೆ ಹಾಯ್ದುಹೋಗಬೇಕು. ಯಾವ ಬಡಗಿಯೂ ಹತ್ತು ನಿಮಿಷದಲ್ಲಿ ಮಾಡಿಕೊಡುವ ಈ ಚೌಕಟ್ಟು ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಉದ್ದದ ನಿಯಮ ಬೇರೆ ಬಗೆಯದು, ಅದು ಆಯಾ ದೇಹಕ್ಕೆ ತಕ್ಕಂತೆ ಬದಲಾಗುತ್ತದೆ. ಮೊದಲು ಎನ್‌ಎಚ್‌ಎಲ್‌ನಲ್ಲಿ ಎಲ್ಲರಿಗೂ 38 ಇಂಚಿನ ಒಂದೇ ಮಿತಿಯಿತ್ತು. ಕುಳ್ಳಗಿನ ಗೋಲ್‌ಕೀಪರ್ ಕೂಡ ಅಷ್ಟುದ್ದದ ಪ್ಯಾಡು ತೊಟ್ಟು ತೊಡೆಯ ಮೇಲಿನ ಹೆಚ್ಚುವರಿ ಭಾಗದಿಂದ ಕಾಲುಗಳ ನಡುವಿನ ಸಂದನ್ನು ಮುಚ್ಚುತ್ತಿದ್ದ. ಆ ಸಂದಿಗೆ ಆಟದವರು ‘ಫೈವ್ ಹೋಲ್’ ಎನ್ನುತ್ತಾರೆ. ಇದನ್ನು ತಪ್ಪಿಸಲು ಪ್ಯಾಡಿನ ಉದ್ದವನ್ನು ಆಟಗಾರನ ಕಾಲಿನ ಅಳತೆಗೆ ಕಟ್ಟಿಹಾಕಿದರು. ಮೊಣಕಾಲಿನ ನಡುವಿನಿಂದ ಸೊಂಟದವರೆಗಿನ ದೂರದ ಶೇಕಡಾ 55ರಷ್ಟು ಮೇಲಕ್ಕೆ ಪ್ಯಾಡು ಬರಬಹುದು ಎಂದಿದ್ದುದನ್ನು 2013–14ರ ಋತುವಿನಿಂದ ಶೇಕಡಾ 45ಕ್ಕೆ ಇಳಿಸಿದರು. ನೀವು ಎರಡನೆಯ ಹಂತದಲ್ಲಿ ಬರೆದುಕೊಂಡ ಅಂಕಿ ಇಲ್ಲಿ ಬೇಕಾಗುತ್ತದೆ. ಮೊಣಕಾಲಿನಿಂದ ಸೊಂಟದವರೆಗೆ 18 ಇಂಚು ಇದೆಯೆಂದುಕೊಳ್ಳಿ. ಹಳೆಯ ಲೆಕ್ಕದಲ್ಲಿ ಪ್ಯಾಡಿನ ಮೇಲ್ಭಾಗ ಮೊಣಕಾಲಿನಿಂದ 9.9 ಇಂಚು ಮೇಲಕ್ಕೆ ಏರಬಹುದಿತ್ತು, ಈಗ 8.1 ಇಂಚು ಮಾತ್ರ. ನಿಮ್ಮ ಮಗು ಎನ್‌ಎಚ್‌ಎಲ್‌ನಲ್ಲಿ ಆಡುತ್ತಿಲ್ಲ ನಿಜ. ಆದರೂ ಈ ಶೇಕಡಾ 45ರ ಲೆಕ್ಕವನ್ನು ಕೊಳ್ಳುವಾಗಿನ ಮೇಲ್ಮಿತಿಯಾಗಿ ಇಟ್ಟುಕೊಳ್ಳಿರೆಂದು ನನ್ನ ಸಲಹೆ, ಏಕೆಂದರೆ ಅದಕ್ಕಿಂತ ಉದ್ದದ ಪ್ಯಾಡು ಮಗುವಿನ ಓಟವನ್ನೇ ಕೆಡಿಸುತ್ತದೆ.

ಪೆಟ್ಟಿಗೆಯ ಮೇಲೆ ‘34+1’ ಎಂಬಂಥ ಗುರುತು ಇರುತ್ತದೆ. 34 ಎಂಬುದು ಪ್ಯಾಡಿನ ಮೂಲ ಅಳತೆ, +1 ಎಂಬುದು ತೊಡೆಯ ಭಾಗದಲ್ಲಿ ಸೇರಿಸಿದ ಹೆಚ್ಚುವರಿ ಇಂಚು. ಎಲ್ಲ ತಯಾರಕರ 34 ಒಂದೇ ಆಗಿರುವುದಿಲ್ಲ. ಆದ್ದರಿಂದ ನಂಬಬೇಕಾದದ್ದು ಒಂದೇ ಪರೀಕ್ಷೆಯನ್ನು: ಮಗು ಮೊಣಕಾಲೂರಿ ಕುಳಿತಾಗ ಮೊಣಕಾಲ ಚಿಪ್ಪು ಪ್ಯಾಡಿನ ಒಳಬದಿಯಲ್ಲಿರುವ ಮೆತ್ತನೆಯ ತೊಟ್ಟಿಲಿನ ಸರಿಯಾಗಿ ನಡುವೆ ಕೂರಬೇಕು. ಚಿಪ್ಪು ಅದಕ್ಕಿಂತ ಕೆಳಗೆ ಕುಳಿತರೆ ಪ್ಯಾಡು ದೊಡ್ಡದು, ಮೇಲೆ ಕುಳಿತರೆ ಚಿಕ್ಕದು. ಮಕ್ಕಳು ಬೆಳೆಯುತ್ತಾರೆ, ಒಂದು ಸೈಜು ದೊಡ್ಡದೇ ಇರಲಿ ಎಂದು ಶಾಲೆಯ ಸಮವಸ್ತ್ರದ ಲೆಕ್ಕದಲ್ಲಿ ಕೊಳ್ಳುವುದು ನಾನು ಕಂಡ ತಪ್ಪುಗಳಲ್ಲೆಲ್ಲ ಹೆಚ್ಚು ಸಾಮಾನ್ಯವಾದದ್ದು. ಎರಡು ಮೊಣಕಾಲುಗಳನ್ನೂ ಊರಿ ಪಾದಗಳನ್ನು ಹೊರಚಾಚುವ ‘ಬಟರ್‌ಫ್ಲೈ’ ಭಂಗಿಯಲ್ಲಿ ದೊಡ್ಡ ಪ್ಯಾಡು ತಿರುಗದೆ ಸಿಕ್ಕಿಕೊಳ್ಳುತ್ತದೆ, ಮೊಣಕಾಲು ತೊಟ್ಟಿಲಿನಿಂದ ಜಾರಿ ನೇರವಾಗಿ ಹಿಮಗಟ್ಟಿಗೆ ಬಡಿಯುತ್ತದೆ. ಬೆಳವಣಿಗೆಗೆಂದು ಒಂದು ಇಂಚಿನವರೆಗೆ ಸಡಿಲ ಬಿಡಬಹುದು, ಅದಕ್ಕಿಂತ ಹೆಚ್ಚು ಬೇಡ.

4. ಎರಡು ಕೈ, ಎರಡು ಬಗೆಯ ಕವಚ

ಒಂದು ಕೈಗೆ ಪಕ್ಕನ್ನು ಹಿಡಿಯುವ ಕ್ಯಾಚಿಂಗ್ ಗ್ಲವ್, ಕೋಲು ಹಿಡಿದ ಕೈಗೆ ಬ್ಲಾಕರ್. ಬ್ಲಾಕರ್ ಎಂದರೆ ಕೈಯ ಹೊರಬದಿಗೆ ಗುರಾಣಿಯಂತಹ ಹಲಗೆಯಿರುವ ಗವಸು. ಅದರ ಹಲಗೆ 15 ಇಂಚು ಉದ್ದ, 8 ಇಂಚು ಅಗಲ ಮೀರಬಾರದು. ಕ್ಯಾಚಿಂಗ್ ಗ್ಲವ್‌ನ ಹೊರಸುತ್ತಳತೆ 45 ಇಂಚು, ಅಂದರೆ 114.3 ಸೆಂಟಿಮೀಟರ್ ದಾಟಬಾರದು. ಬುಡದಿಂದ ಬಲೆಯ ತುದಿಯವರೆಗಿನ ಅತಿ ಹೆಚ್ಚಿನ ಅಂತರ 18 ಇಂಚು. ಸುತ್ತಳತೆಯನ್ನು ಅಳೆಯುವಾಗ ಗವಸಿನ ಅಂಚನ್ನೇ ಅನುಸರಿಸಿ ಪಟ್ಟಿ ಸುತ್ತಬೇಕು, ಅಡ್ಡದಾರಿಯಲ್ಲಿ ಹಾಯಿಸಬಾರದು.

ಈ ಹಂತದಲ್ಲಿ ಕೈಯ ಆಯ್ಕೆಯೇ ಗಾತ್ರಕ್ಕಿಂತ ದೊಡ್ಡ ಪ್ರಶ್ನೆ. ಸಾಮಾನ್ಯವಾಗಿ ಮಾರುವ ಜೊತೆಯಲ್ಲಿ ಎಡಗೈಗೆ ಕ್ಯಾಚಿಂಗ್ ಗ್ಲವ್, ಬಲಗೈಗೆ ಬ್ಲಾಕರ್ ಇರುತ್ತದೆ. ಎಡಗೈಯಲ್ಲಿ ಚೆಂಡು ಎಸೆದು ಬಲಗೈಯಲ್ಲಿ ಹಿಡಿಯುವ ಮಗುವಿಗೆ ಇದರ ತದ್ವಿರುದ್ಧ ಜೊತೆ ಬೇಕು, ಅದನ್ನು ‘ಫುಲ್ ರೈಟ್’ ಎಂದು ಹೇಳಿ ತರಿಸಬೇಕು. ಬರೆಯುವ ಕೈಯನ್ನು ನೋಡಿ ತೀರ್ಮಾನಿಸಬೇಡಿ. ಮಗುವಿಗೆ ತಿಳಿಯದಂತೆ ಒಂದು ಟೆನಿಸ್ ಚೆಂಡನ್ನು ಹತ್ತು ಬಾರಿ ಎಸೆದು, ಯಾವ ಕೈ ತಾನಾಗಿಯೇ ಮುಂದೆ ಬರುತ್ತದೆ ಎಂದು ನೋಡಿ. ಇದನ್ನು ಪರೀಕ್ಷಿಸದೆ ತರಿಸಿ, ಹಿಂದಿರುಗಿಸಲೂ ಆಗದೆ, ಒಂದು ಇಡೀ ಚಳಿಗಾಲ ಒಲ್ಲದ ಕೈಯಲ್ಲಿ ಆಡಿದ ಹುಡುಗಿಯೊಬ್ಬಳನ್ನು ನಾನು ಬಲ್ಲೆ.

ಗೋಲ್‌ಕೀಪರ್‌ನ ಕೋಲಿಗೂ ಅಳತೆಯಿದೆ. ಅಲಗಿನ ಉದ್ದ ಹಿಮ್ಮಡಿಯಿಂದ ತುದಿಗೆ 15.5 ಇಂಚು ಮೀರಬಾರದು, ಅಗಲ 3.5 ಇಂಚು, ಹಿಮ್ಮಡಿಯ ಬಳಿ ಮಾತ್ರ 4.5 ಇಂಚಿನವರೆಗೆ ಅವಕಾಶವಿದೆ. ಹಿಡಿಕೆಯ ಮೇಲ್ತುದಿಯಲ್ಲಿ ಕನಿಷ್ಠ ಅರ್ಧ ಇಂಚು ದಪ್ಪದ ಬಿಳಿ ಟೇಪಿನ ಗುಬುಟು ಇರಲೇಬೇಕೆಂದು ಎನ್‌ಎಚ್‌ಎಲ್ ನಿಯಮ ಹೇಳುತ್ತದೆ. ಯಾವ ಮಟ್ಟದ ಆಟವಾದರೂ ಇದನ್ನು ಸುತ್ತಿಕೊಳ್ಳಿ, ಬರಿಯ ತುದಿ ಇನ್ನೊಬ್ಬರ ಮುಖಕ್ಕೆ ಚುಚ್ಚುವ ಅಪಾಯವಿರುತ್ತದೆ. ಮಗು ಮೊಣಕಾಲು ಬಾಗಿಸಿ ಸಿದ್ಧಭಂಗಿಯಲ್ಲಿ ನಿಂತಾಗ ಅಲಗು ನೆಲಕ್ಕೆ ಪೂರ್ತಿ ಚಪ್ಪಟೆಯಾಗಿ ಕೂತರೆ ಆ ಕೋಲು ಸರಿಯಾದದ್ದು.

5. ಎದೆ, ತೋಳು, ಸೊಂಟ

ಇಲ್ಲಿ ಅಂಕಿಗಿಂತ ಆಕಾರ ಮುಖ್ಯ. ಎನ್‌ಎಚ್‌ಎಲ್ 2017ರ ಫೆಬ್ರವರಿಯಲ್ಲಿ ಪ್ಯಾಂಟುಗಳನ್ನೂ, 2018–19ರ ಋತುವಿನಿಂದ ಎದೆ ಮತ್ತು ತೋಳಿನ ಕವಚಗಳನ್ನೂ ದೇಹದ ಆಕಾರಕ್ಕೆ ಹೊಂದುವಂತೆ ಕಿರಿದುಗೊಳಿಸಿತು. ಭುಜದ ಮೇಲೆ ಏಣಿನಂತೆ ಎದ್ದು ನಿಲ್ಲುವ ಪದರಗಳಿಗೆ, ಸೊಂಟದ ಪಕ್ಕದಲ್ಲಿ ಹೊರಚಾಚುವ ಚಪ್ಪಟೆ ತುಂಡುಗಳಿಗೆ ಅವಕಾಶವಿಲ್ಲ. ಜೆರ್ಸಿಯನ್ನು ಮಣಿಕಟ್ಟಿಗೆ ಬಿಗಿದು ಕಟ್ಟಿ, ಕಂಕುಳಲ್ಲಿ ಬಾವಲಿಯ ರೆಕ್ಕೆಯಂತೆ ಬಟ್ಟೆ ಬಿಗಿಯಾಗಿ ನಿಲ್ಲುವಂತೆ ಮಾಡುವುದೂ ನಿಷಿದ್ಧ. ಮೊಣಕಾಲಿನ ಒಳಕವಚವನ್ನು ಪಟ್ಟಿಯಿಂದ ಕಟ್ಟಿರಬೇಕು, ಅದು ಪ್ಯಾಂಟಿನ ತೊಡೆಭಾಗದ ಅಡಿಯಲ್ಲಿ ಸೇರಿಕೊಳ್ಳಬೇಕು.

ಪಾಲಕರು ಗಮನಿಸಬೇಕಾದದ್ದು ‘ಜೂನಿಯರ್’, ‘ಇಂಟರ್‌ಮೀಡಿಯೇಟ್’, ‘ಸೀನಿಯರ್’ ಎಂಬ ಗುರುತುಗಳನ್ನು. ಇವು ಬರೀ ಗಾತ್ರದ ಹೆಸರುಗಳಲ್ಲ, ಒಳಗಿನ ಫೋಮ್‌ನ ದಪ್ಪವೂ ಗಡಸುತನವೂ ಬದಲಾಗುತ್ತವೆ. ಮೈ ಸಣ್ಣದೆಂದು ಹದಿನೇಳರ ಹುಡುಗನಿಗೆ ಜೂನಿಯರ್ ಎದೆಕವಚ ತೊಡಿಸಿ ದೊಡ್ಡವರ ಹೊಡೆತಕ್ಕೆ ನಿಲ್ಲಿಸಬೇಡಿ. ಪಕ್ಕಿನ ತೂಕ 156ರಿಂದ 170 ಗ್ರಾಂ, ಬಲ್ಲವರ ಹೊಡೆತದಲ್ಲಿ ಅದರ ವೇಗ ಗಂಟೆಗೆ 150 ಕಿಲೋಮೀಟರ್ ದಾಟುತ್ತದೆ. ತೊಡೆಸಂದಿನ ರಕ್ಷಣೆಗೂ ಗೋಲ್‌ಕೀಪರ್‌ಗೆಂದೇ ಮಾಡಿದ ಕವಚ ಬೇಕು. ಕ್ರಿಕೆಟ್ಟಿನ ಗಾರ್ಡ್ ಸಾಲದು.

6. ಮುಖ ಮತ್ತು ಕುತ್ತಿಗೆ: ಇಲ್ಲಿ ಉಳಿತಾಯ ಸಲ್ಲದು

1959ರ ನವೆಂಬರ್ 1ರಂದು ನ್ಯೂಯಾರ್ಕ್‌ನಲ್ಲಿ ಆಂಡಿ ಬಾತ್‌ಗೇಟ್ ಹೊಡೆದ ಪಕ್ಕಿನಿಂದ ಮುಖ ಸೀಳಿಸಿಕೊಂಡ ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್, ಹೊಲಿಗೆ ಹಾಕಿಸಿಕೊಂಡು ಮಾಸ್ಕ್ ತೊಟ್ಟೇ ಮರಳಿ ಬರುವೆನೆಂದು ಹಟ ಹಿಡಿದರು. ಅಲ್ಲಿಂದ ಗೋಲ್‌ಕೀಪರ್‌ಗಳು ಮಾಸ್ಕ್ ತೊಡುವುದು ರೂಢಿಗೆ ಬಂತು. ಇಂದು ಮಾಸ್ಕ್ ಇಲ್ಲದೆ ಗೋಲಿನಲ್ಲಿ ನಿಲ್ಲುವ ಮಾತೇ ಇಲ್ಲ.

ಮಾಸ್ಕಿನ ಜಾಲರಿಯ ಕಂಡಿಗಳಲ್ಲಿ ಪಕ್ಕಾಗಲಿ ಕೋಲಿನ ಅಲಗಾಗಲಿ ತೂರಬಾರದು. ಕಣ್ಣಿನ ಮುಂದೆ ದೊಡ್ಡ ಕಂಡಿ ಬಿಟ್ಟ ‘ಕ್ಯಾಟ್ ಐ’ ಜಾಲರಿ ದೂರದರ್ಶನದಲ್ಲಿ ಚೆಂದ ಕಾಣುತ್ತದೆ, ಆದರೆ ಮಕ್ಕಳಿಗೆ ಅದು ಖಂಡಿತ ಬೇಡ. ನೇರ ಅಡ್ಡಸರಳುಗಳ ಜಾಲರಿಯನ್ನೇ ಕೊಳ್ಳಿ. ಮಾಸ್ಕ್ ತೊಟ್ಟು ತಲೆಯನ್ನು ಬಿರುಸಾಗಿ ಅಲ್ಲಾಡಿಸಿದಾಗ ಅದು ತಲೆಯೊಡನೆಯೇ ತಿರುಗಬೇಕು, ಗಲ್ಲ ಅದರ ಬಟ್ಟಲಿನಲ್ಲಿ ಕೂತಿರಬೇಕು. ಚಿಪ್ಪಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಮಾಸ್ಕ್ ಮುಗಿಯಿತು; ಅದಕ್ಕೆ ಅಂಟು ಹಾಕಿ ಬಳಸಬೇಡಿ. ಹಳೆಯ ಮಾಸ್ಕನ್ನು ಯಾವ ಬೆಲೆಗೂ ಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕಾಗಿಯೇ, ಬಣ್ಣದ ಅಡಿಯ ಬಿರುಕು ಹೊರಗೆ ಕಾಣುವುದಿಲ್ಲ.

ಕುತ್ತಿಗೆಗೆ ಎರಡು ವಸ್ತುಗಳು ಬೇಕು, ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಮಾಸ್ಕಿನ ಗಲ್ಲದಿಂದ ತೂಗುವ ಗಟ್ಟಿ ಪಾರದರ್ಶಕ ಫಲಕಕ್ಕೆ ‘ಡ್ಯಾಂಗ್ಲರ್’ ಎನ್ನುತ್ತಾರೆ, ಅದು ಪಕ್ಕಿನ ಹೊಡೆತ ಗಂಟಲಿಗೆ ತಾಗದಂತೆ ತಡೆಯುತ್ತದೆ. ಕುತ್ತಿಗೆಗೆ ಸುತ್ತುವ, ಕೊಯ್ತವನ್ನು ತಡೆಯುವ ಬಟ್ಟೆಯ ಪಟ್ಟಿ ಸ್ಕೇಟಿನ ಬ್ಲೇಡಿನಿಂದ ಕಾಯುತ್ತದೆ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಪಂದ್ಯದ ನಡುವೆ ಬ್ಲೇಡು ಕುತ್ತಿಗೆಗೆ ತಾಗಿ ಆಟಗಾರ ಆಡಂ ಜಾನ್ಸನ್ ಪ್ರಾಣ ಕಳೆದುಕೊಂಡರು. ಆ ಬಳಿಕ ಐಐಎಚ್‌ಎಫ್ ತನ್ನ ಸ್ಪರ್ಧೆಗಳಲ್ಲಿ ಎಲ್ಲ ಮಟ್ಟದ ಆಟಗಾರರಿಗೂ ಇಂಥ ಪಟ್ಟಿಯನ್ನು ಕಡ್ಡಾಯ ಮಾಡಿತು. ಬೆಲೆಯಲ್ಲಿ ಇದು ಇಡೀ ಪಟ್ಟಿಯಲ್ಲೇ ಅಗ್ಗದ ವಸ್ತು. ಸೆಕೆಯಾಗುತ್ತದೆ ಎಂದು ಅಭ್ಯಾಸದಲ್ಲಿ ಮಗು ಅದನ್ನು ಕಳಚಲು ಬಿಡಬೇಡಿ.

7. ಸ್ಕೇಟು

ಮುಂಪಡೆಯವರ ಸ್ಕೇಟನ್ನು ಗೋಲಿನಲ್ಲಿ ಬಳಸಬಾರದು. ಗೋಲ್‌ಕೀಪರ್ ಸ್ಕೇಟಿನ ಬ್ಲೇಡು ಹೆಚ್ಚು ಚಪ್ಪಟೆಯಾಗಿ, ಸಾಮಾನ್ಯವಾಗಿ 4 ಮಿಲಿಮೀಟರ್ ದಪ್ಪವಿರುತ್ತದೆ. ಬೂಟು ಪಾದಕ್ಕೆ ಬಿಗಿಯಾಗಿರಬೇಕು, ದಪ್ಪ ಕಾಲುಚೀಲ ತೊಟ್ಟು ಸರಿಹೊಂದಿಸುವುದು ತಪ್ಪು. ಬೆಳಗಾವಿಯಲ್ಲಿ ಹಿಮದ ರಿಂಕ್ ಇಲ್ಲವಾದ್ದರಿಂದ ಇಲ್ಲಿನ ಅಭ್ಯಾಸವೆಲ್ಲ ಇನ್‌ಲೈನ್ ಸ್ಕೇಟಿನ ಮೇಲೆಯೇ ನಡೆಯುತ್ತದೆ. ಒಳ್ಳೆಯ ಐಸ್ ಪ್ಯಾಡನ್ನು ಸಿಮೆಂಟ್ ನೆಲದ ಮೇಲೆ ಹಾಗೆಯೇ ಜಾರಿಸಿದರೆ ಒಳ ಅಂಚು ಕೆಲವೇ ವಾರಗಳಲ್ಲಿ ಹರಿದುಹೋಗುತ್ತದೆ. ಜಾರುಹಲಗೆ ಅಂಟಿಸಿದ ಹೊದಿಕೆ ತೊಡಿಸಿ, ಇಲ್ಲವೇ ಅಭ್ಯಾಸಕ್ಕೆ ಹಳೆಯ ಪ್ಯಾಡು ಇಟ್ಟುಕೊಳ್ಳಿ. ಅಭ್ಯಾಸಕ್ಕೆ ಅಗಲದ ನಿಯಮವಿಲ್ಲವಲ್ಲ ಎಂದು 12 ಇಂಚಿನದನ್ನು ಮಾತ್ರ ಬಳಸಬೇಡಿ. ಕಾಲಿಗೆ ಆ ಅಗಲ ರೂಢಿಯಾದರೆ ಪಂದ್ಯದಲ್ಲಿ ಅಂಚಿನ ಪಕ್ಕದಲ್ಲಿಯೇ ಗೋಲು ಬೀಳುತ್ತದೆ.

8. ಪೂರ್ತಿ ತೊಟ್ಟು ಪರೀಕ್ಷಿಸಿ

ಒಂದೊಂದೇ ವಸ್ತುವನ್ನು ತೊಟ್ಟು ನೋಡಿದರೆ ತಪ್ಪು ಗೊತ್ತಾಗದು. ಎಲ್ಲವನ್ನೂ ಒಟ್ಟಿಗೆ ತೊಡಿಸಿ, ಜಮಖಾನೆಯ ಮೇಲೆ ಇಪ್ಪತ್ತು ಬಾರಿ ಬಟರ್‌ಫ್ಲೈಗೆ ಇಳಿದು ಏಳಲು ಹೇಳಿ. ಪ್ಯಾಡುಗಳ ಮೇಲ್ತುದಿಗಳು ತೊಡೆಯ ನಡುವೆ ಒಂದನ್ನೊಂದು ಮುಟ್ಟಬಹುದು, ಆದರೆ ಒಂದರ ಮೇಲೊಂದು ಏರಬಾರದು. ಎದೆಕವಚ ಗಂಟಲಿಗೆ ಎತ್ತಿಕೊಂಡು ಬರಬಾರದು. ಕೈಗಳನ್ನು ಮುಂದಕ್ಕೆ ಚಾಚಿದಾಗ ತೋಳಿನ ಕವಚಕ್ಕೂ ಗವಸಿಗೂ ನಡುವೆ ಮಣಿಕಟ್ಟು ಬರಿದಾಗಿ ಕಾಣಬಾರದು. ಮುರಿತಗಳು ಹೆಚ್ಚಾಗಿ ಆಗುವುದು ಅಲ್ಲಿಯೇ.

ಯಾವುದಾದರೂ ಸಡಿಲವೆನಿಸಿದರೆ ನಮ್ಮ ಊರಿನ ಚರ್ಮದ ಕುಶಲಕರ್ಮಿಗಳಲ್ಲಿಗೆ ಹೋಗುವುದು ಸಹಜ, ಅವರ ಹೊಲಿಗೆಯೂ ಬಲವಾದದ್ದು. ಹರಿದ ಪಟ್ಟಿ, ಕಿತ್ತ ಬಕ್ಕಲ್, ಸವೆದ ಅಂಗೈ ಇವನ್ನೆಲ್ಲ ನಿಶ್ಚಿಂತೆಯಿಂದ ಅವರಿಗೆ ಕೊಡಿ. ಆದರೆ ಹೊರಅಂಚಿಗೆ ಫೋಮ್ ಸೇರಿಸಿ ಹೊಲಿಯಿರಿ, ಗವಸಿನ ಬಲೆಯನ್ನು ಇನ್ನಷ್ಟು ಅಗಲ ಮಾಡಿ ಎಂದು ಹೇಳಬೇಡಿ. ಅಳತೆಯೊಳಗೆ ಇದ್ದ ಸಲಕರಣೆಯನ್ನೇ ಹಾಗೆ ಅಕ್ರಮ ಮಾಡಿಕೊಳ್ಳುವವರಿದ್ದಾರೆ.

9. ತರಿಸುವುದು, ಸಾಗಿಸುವುದು, ಒಣಗಿಸುವುದು

ವಿದೇಶದಿಂದ ತರಿಸುವಾಗ ವಸ್ತುವಿನ ಬೆಲೆಯ ಮೇಲೆ ಸಾಗಣೆ ವೆಚ್ಚ, ಸುಂಕ, ತೆರಿಗೆಗಳೂ ಬೀಳುತ್ತವೆ. ಪೂರ್ತಿ ಮೊತ್ತವನ್ನು ಮೊದಲೇ ಕೇಳಿ ತಿಳಿಯಿರಿ, ಹಿಂದಿರುಗಿಸುವ ಷರತ್ತುಗಳನ್ನು ಓದಿ. ದೊಡ್ಡವರ ಪೂರ್ತಿ ಸಲಕರಣೆ ಸುಮಾರು 20 ಕಿಲೋ ತೂಗುತ್ತದೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಸಾಮಾನಿಗೆ ಮಾತ್ರ ಉಚಿತ ಅವಕಾಶವಿರುವುದರಿಂದ ಹೆಚ್ಚುವರಿ ತೂಕವನ್ನು ಟಿಕೆಟ್ ಜೊತೆಗೇ ಕಾಯ್ದಿರಿಸಿದರೆ ಅಗ್ಗವಾಗುತ್ತದೆ. ಬೆಳಗಾವಿಯಿಂದ ದೆಹಲಿಗೆ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವರು ಚೀಲವನ್ನು ಬರ್ತಿನ ಅಡಿಗೆ ತೂರಿಸಲಾಗದು ಎಂಬುದನ್ನು ನೆನಪಿಡಬೇಕು. ಪ್ಯಾಡುಗಳನ್ನು ಬೇರೆ ಕಟ್ಟಿ, ಉಳಿದದ್ದನ್ನು ಎರಡು ಚೀಲಗಳಿಗೆ ಹಂಚಿ. ಮಾಸ್ಕ್ ಮತ್ತು ಸ್ಕೇಟು ಮಾತ್ರ ಸದಾ ನಿಮ್ಮ ಕೈಯಲ್ಲೇ ಇರಲಿ.

ಬೆಳಗಾವಿಯ ಮಳೆಗಾಲದಲ್ಲಿ ಒದ್ದೆ ಸಲಕರಣೆಯನ್ನು ಚೀಲದಲ್ಲಿಯೇ ಬಿಟ್ಟರೆ ಎರಡೇ ದಿನಗಳಲ್ಲಿ ಬೂಸಲು ಹಿಡಿಯುತ್ತದೆ. ವಿಜಯಪುರ, ಬಾಗಲಕೋಟೆಗಳ ಕಷ್ಟ ಇದರ ವಿರುದ್ಧದ್ದು. ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಒಣಹಾಕಿದ ಗವಸಿನ ಚರ್ಮ ಬಿರಿಯುತ್ತದೆ, ಫೋಮನ್ನು ಹಿಡಿದ ಅಂಟು ಬಿಟ್ಟುಕೊಳ್ಳುತ್ತದೆ, ಅಂಚುಗಳು ಸೊಟ್ಟಗಾಗಿ ಅಗಲದ ಅಳತೆಯೂ ಕೆಡುತ್ತದೆ. ನೆರಳಿನಲ್ಲಿ ಹಗ್ಗಕ್ಕೆ ತೂಗುಹಾಕಿ ಫ್ಯಾನ್ ಗಾಳಿಗೆ ಒಣಗಿಸುವುದೇ ಮೂರೂ ಜಿಲ್ಲೆಗಳಿಗೆ ಸರಿಯಾದ ದಾರಿ. ಬ್ಲೇಡುಗಳನ್ನು ಒಣಬಟ್ಟೆಯಿಂದ ಒರೆಸಿ ಮೆತ್ತನೆಯ ಬಟ್ಟೆಯ ಚೀಲದಲ್ಲಿಡಿ. ಗಟ್ಟಿ ಪ್ಲಾಸ್ಟಿಕ್ ಕವಚ ನಡೆಯುವಾಗ ಮಾತ್ರ ಇರಲಿ, ಅದರೊಳಗೆ ಹನಿ ನೀರು ನಿಂತರೂ ತುಕ್ಕು ಹಿಡಿಯುತ್ತದೆ.

ಎರಡನೆಯ ಹಂತದ ಅಳತೆಗಳನ್ನು ನಾಲ್ಕು ತಿಂಗಳಿಗೊಮ್ಮೆ ಅದೇ ವಹಿಯಲ್ಲಿ ದಿನಾಂಕ ಸಹಿತ ಮತ್ತೆ ಬರೆಯಿರಿ. ಟೂರ್ನಿಗೆ ಹೊರಡುವ ಹದಿನೈದು ದಿನ ಮೊದಲು ಪ್ಯಾಡುಗಳನ್ನು 28 ಸೆಂಟಿಮೀಟರಿನ ಚೌಕಟ್ಟಿನಲ್ಲಿ ಇನ್ನೊಮ್ಮೆ ಹಾಯಿಸಿ ನೋಡಿ. ಸಿಕ್ಕಿಕೊಂಡರೆ ಬೇರೆ ಜೊತೆಯನ್ನು ಎರವಲು ಕೇಳಲು ಅಷ್ಟು ದಿನಗಳಾದರೂ ಬೇಕಾಗುತ್ತವೆ.